ಪಾಸಿಂಗ್‌ಗೆ ಮೊದಲು ಗಾಡಿ ಓಡಿಸಿ ನೋಡುವುದು: ಬಾಡಿ ಕಟ್ಟುವವನ ಅನುಭವ

ಲಾರಿ ತಗೊಳ್ಳುವವರಲ್ಲಿ ಇನ್ನೂ ಎಷ್ಟೋ ಜನ ಬರೀ ಚಾಸಿ ತಗೊಳ್ಳುತ್ತಾರೆ. ಇಂಜಿನ್, ಉಕ್ಕಿನ ಚೌಕಟ್ಟು, ಮುಂದೆ ಕ್ಯಾಬಿನ್, ಅಷ್ಟೇ ಇರುತ್ತದೆ. ಹಿಂದಿನ ಬಾಡಿಯನ್ನು ನಮ್ಮಂಥವರು ಕಟ್ಟಿಕೊಡುತ್ತೇವೆ. ಕಂಪನಿಯಿಂದಲೇ ಪೂರ್ತಿ ಆಗಿ ಬರುವ ಗಾಡಿ ಈಗ ಜಾಸ್ತಿಯಾಗಿದ್ದರೂ ನಮ್ಮ ಕಲಬುರಗಿ ಕಡೆ ಈ ಕೆಲಸ ನಿಂತಿಲ್ಲ. ತೊಗರಿ ಚೀಲ ಸಾಗಿಸುವವರಿಗೆ ಒಂದು ಥರದ ಬಾಡಿ ಬೇಕು, ಶಹಾಬಾದ್ ಕಲ್ಲು ಹೇರುವವರಿಗೆ ಇನ್ನೊಂದು ಥರ.

ಬಾಡಿ ಕಟ್ಟಿ ಮುಗಿದ ಮೇಲೆ ಆರ್‌ಟಿಓ ಪಾಸಿಂಗ್, ಅಂದರೆ ಗಾಡಿ ನೋಡಿ ನೋಂದಣಿ ಮಾಡುವುದು, ಅದಾಗಿ ಕೆಎ-32 ನಂಬರ್ ಬರುತ್ತದೆ. ಆದರೆ ಅದಕ್ಕೂ ಮೊದಲು ಫಾರಂ 22-ಎ ಇದೆ. ಬಾಡಿಯನ್ನು ಬೇರೆ ಕಡೆ ಕಟ್ಟಿದ ಗಾಡಿಗಳಿಗೆ ಈ ಫಾರಂ. ಮೊದಲ ಭಾಗಕ್ಕೆ ಚಾಸಿ ಮಾಡಿದ ಕಂಪನಿ ಸಹಿ ಹಾಕುತ್ತದೆ. ಎರಡನೇ ಭಾಗಕ್ಕೆ ಬಾಡಿ ಕಟ್ಟಿದವನು ಸಹಿ ಹಾಕಬೇಕು. ಈ ಗಾಡಿ ರಸ್ತೆಗೆ ಯೋಗ್ಯವಾಗಿದೆ ಅಂತ ಬರೆದುಕೊಡುವ ಸಹಿ ಅದು. ಗಾಡಿ ಓಡಿಸಿ ನೋಡದೆ ಆ ಕಾಗದಕ್ಕೆ ನಾನು ಪೆನ್ನು ಹಚ್ಚುವುದಿಲ್ಲ.

ಹಾಗಾದರೆ ಪಕ್ಕಾ ನಂಬರ್ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವುದು ಹೇಗೆ? ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ನನ್ನನ್ನು ಮೊದಲು ಕೇಳುವುದೇ ಇದನ್ನು. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಇದರಲ್ಲಿ ಬಹಳ ಖಡಕ್ಕಾಗಿದೆ. ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಷ್ಟೇ ಅಲ್ಲ, ಬೇರೆ ಯಾವ ಜಾಗದಲ್ಲೂ ಓಡಿಸಬಾರದು ಅನ್ನುತ್ತದೆ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಕಾಯ್ದೆಯಲ್ಲಿ 5,000 ರೂಪಾಯಿವರೆಗೆ ದಂಡ ಇದೆ.

ದಾರಿ ಇರುವುದು 43ನೇ ಸೆಕ್ಷನ್ನಿನಲ್ಲಿ. ತಾತ್ಕಾಲಿಕ ನೋಂದಣಿ, ನಮ್ಮ ಭಾಷೆಯಲ್ಲಿ ಟೆಂಪರರಿ. ಡೀಲರ್ ಹತ್ತಿರ ಚಾಸಿ ಬಿಡಿಸಿಕೊಳ್ಳುವಾಗಲೇ ಇದು ಆಗಿರಬೇಕು. ಹಳದಿ ಪಟ್ಟಿಯ ಮೇಲೆ ಕೆಂಪು ಅಕ್ಷರದ ನಂಬರ್ ಇರುತ್ತದೆ. ಚಾಸಿ ನಮ್ಮ ಶೆಡ್ಡಿಗೆ ಬಂದ ಕೂಡಲೇ ನಾನು ನೋಡುವುದು ಎರಡು ಕಾಗದ. ಒಂದು ಟೆಂಪರರಿ ಯಾವತ್ತು ಮುಗಿಯುತ್ತದೆ ಅನ್ನುವುದು, ಇನ್ನೊಂದು ಇನ್ಶೂರೆನ್ಸ್. ಆ ತಾರೀಖನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಬಾಡಿಯ ಉಕ್ಕಿನ ಪ್ಲೇಟು ಬರುವುದು ತಡವಾಗಬಹುದು, ಪೇಂಟರ್ ಊರಿಗೆ ಹೋಗಬಹುದು, ಕೆಲಸ ಮುಂದಕ್ಕೆ ಹೋಗುತ್ತದೆ. ಬಾಡಿ ಕಟ್ಟುವುದರಲ್ಲಿ ತಡವಾದರೆ ಅವಧಿ ಮುಂದುವರಿಸಿಕೊಳ್ಳುವುದಕ್ಕೆ ಅವಕಾಶ ಇದೆ. ಆದರೆ ಮುಗಿಯುವ ಮೊದಲೇ ಮಾಲೀಕರು ಅರ್ಜಿ ಹಾಕಬೇಕು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಟೆಂಪರರಿ ಮುಗಿದ ಮೇಲೂ ರಸ್ತೆಯಲ್ಲಿದ್ದ ಒಂದು ಗಾಡಿ ಅಪಘಾತಕ್ಕೆ ಸಿಕ್ಕಿತ್ತು. ಮಾಲೀಕರಿಗೆ ವಿಮೆ ಹಣ ಕೊಡಬೇಕಾಗಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2021ರಲ್ಲಿ ಕಳುವಾದ ಒಂದು ಕಾರಿನ ವಿಷಯದಲ್ಲೂ ಅದೇ ಮಾತು ಹೇಳಿತು. ಸಾಲ ಮಾಡಿ ಲಾರಿ ತಂದವನಿಗೆ ಆ ಹಣ ಬರಲಿಲ್ಲ ಅಂದರೆ ಮನೆಯೇ ಮುಳುಗಿತು, ಅಲ್ವಾ?

ಇನ್ನೊಂದು ಚಾಳಿ ನಮ್ಮ ಕಡೆ ಇದೆ. ಡೀಲರ್‌ಗಳ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ, ಅದು ಟ್ರೇಡ್ ಸರ್ಟಿಫಿಕೇಟಿನ ನಂಬರ್, ನೋಂದಣಿಯಾಗದ ಗಾಡಿ ಓಡಿಸಲು ಡೀಲರ್‌ಗಳಂಥವರಿಗೆ ಕೊಡುವುದು. ಪರಿಚಯದವರಿಂದ ಅದನ್ನು ಇಸ್ಕೊಂಡು ಬಂದು ಯಾವುದೋ ಗಾಡಿಗೆ ಕಟ್ಟಿ ಓಡಿಸುತ್ತಾರೆ. ಟ್ರೇಡ್ ನಂಬರಿನಲ್ಲಿ ಟೆಸ್ಟ್ ಮಾಡಬಹುದು, ತೂಕಕ್ಕೆ ಹೋಗಿಬರಬಹುದು, ನಿಜ. ಆದರೆ ಯಾರ ಹೆಸರಿನಲ್ಲಿದೆಯೋ ಅವರೇ ಬಳಸಬೇಕು, ಬೇರೆಯವರಿಗೆ ಕೊಡುವಂತಿಲ್ಲ ಅಂತ ನಿಯಮದಲ್ಲೇ ಇದೆ. 2022ರ ತಿದ್ದುಪಡಿ ಆದ ಮೇಲಂತೂ ಪಕ್ಕಾ ನೋಂದಣಿಯಾಗಲಿ ಟೆಂಪರರಿಯಾಗಲಿ ಇಲ್ಲದ ಗಾಡಿಗೆ ಮಾತ್ರ ಅದು. ಟೆಂಪರರಿ ಇರುವ ಚಾಸಿಗೆ ಆ ಪಟ್ಟಿಯ ಅಗತ್ಯವೇ ಇಲ್ಲ. ನನ್ನ ಶೆಡ್ಡಿನೊಳಗೆ ಎರವಲು ಪಟ್ಟಿ ಬರುವುದಿಲ್ಲ.

ಈಗ ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯಕ್ಕೆ ಬರುತ್ತೇನೆ. ಶಹಾಬಾದ್ ಕಡೆಯ ಗಿರಾಕಿಯೊಬ್ಬರು ಬಾಡಿ ಮುಗಿದ ದಿನ ಹೇಳಿದರು: "ಹೆಂಗಿದ್ರೂ ಟೆಸ್ಟಿಗಿ ಹೊಂಟದಲ್ಲ ಅಣ್ಣಾ, ಒಂದು ಟ್ರಿಪ್ ಕಲ್ಲು ಹಾಕೊಂಡು ಬಂದ್ರ ಲೋಡ್ ಟೆಸ್ಟೂ ಆಗ್ತದ, ಡೀಸೆಲ್ ಖರ್ಚೂ ಹೊಂಡ್ತದ." ಕೇಳಲಿಕ್ಕೆ ಸರಿಯಾಗೇ ಇದೆ. ಆದರೆ ಲಾರಿ ಸರಕು ಹೊತ್ತು ರಸ್ತೆಗೆ ಬರಬೇಕಾದರೆ ಪರ್ಮಿಟ್ ಬೇಕು. ಟೆಂಪರರಿ ಗಾಡಿಗೆ 66ನೇ ಸೆಕ್ಷನ್ ಪರ್ಮಿಟ್ ವಿನಾಯಿತಿ ಕೊಟ್ಟಿರುವುದು ನೋಂದಣಿಗೆ ಖಾಲಿ ಹೋಗುವಾಗ. ಬಾಡಿ ಕಟ್ಟುವವರಿಗೆ ಇರುವ ವಿನಾಯಿತಿಯೂ ಬಾಡಿ ಕೆಲಸಕ್ಕೆ ಮಾತ್ರ, ಬಾಡಿಗೆ ಹೊಡೆಯಲಿಕ್ಕಲ್ಲ. "ರಸ್ತೆ ಮ್ಯಾಲ ಖಾಲಿ, ಶೆಡ್ಡಿನಾಗ ಲೋಡ್. ಇದು ಬಿಟ್ಟು ಬ್ಯಾರೆ ಇಲ್ರಿ" ಅಂದೆ. ಅವರಿಗೆ ಬೇಜಾರಾಯಿತು, ಆದರೂ ಒಪ್ಪಿದರು.

ಹಾಗಾಗಿ ನನ್ನ ಟೆಸ್ಟಿಗೆ ಎರಡು ಭಾಗ. ಮೊದಲನೆಯದು ಶೆಡ್ಡಿನ ಹಿಂದಿನ ಬಯಲಿನಲ್ಲಿ. ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನೇ ತೂಕ ಮಾಡಿಸಿ ಇಟ್ಟುಕೊಂಡಿದ್ದೇನೆ. ಗಾಡಿಗೆ ಎಷ್ಟು ಹೇರಲು ಮಂಜೂರಿ ಇದೆಯೋ ಅಷ್ಟನ್ನು ಜೋಡಿಸಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಹಿಂದಿನ ಟೈರಿಗೂ ಬಾಡಿಯ ತಳಕ್ಕೂ ನಡುವೆ ಎಷ್ಟು ಸಂದು ಉಳಿದಿದೆ ಅಂತ ಎರಡೂ ಕಡೆ ಅಳೆಯುತ್ತೇನೆ. ಎರಡು ಬದಿಯ ಅಳತೆಯಲ್ಲಿ ಫರಕು ಬಂದರೆ ಬಾಡಿ ವಾಲಿದೆ ಅಂತ ಅರ್ಥ. ಆಮೇಲೆ ಬಯಲಿನಲ್ಲೇ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿ ನೋಡುವುದು.

ಎರಡನೆಯದು ರಸ್ತೆ. ಕಪನೂರದಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೋಗುತ್ತೇವೆ. ಬೇಸಿಗೆಯಲ್ಲಾದರೆ ನಸುಕಿನಲ್ಲೇ ಹೊರಡಬೇಕು, ಹತ್ತು ಗಂಟೆ ಮೇಲೆ ನಮ್ಮ ಬಿಸಿಲಿನಲ್ಲಿ ಚಕ್ರದ ಹಬ್ ಬಿಸಿಯಾಗಿದ್ದು ಬ್ರೇಕಿನಿಂದಲೋ ಬಿಸಿಲಿನಿಂದಲೋ ತಿಳಿಯುವುದಿಲ್ಲ. ಡ್ರೈವರ್‌ಗೆ ಹೆವಿ ಲೈಸೆನ್ಸ್ ಇರಲೇಬೇಕು. ಶೆಡ್ಡಿನ ಹುಡುಗರು ಎಷ್ಟೇ ಚೆನ್ನಾಗಿ ಓಡಿಸಲಿ, ಕೈಗೆ ಸ್ಟಿಯರಿಂಗ್ ಕೊಡುವುದಿಲ್ಲ. ಟೆಂಪರರಿ, ಇನ್ಶೂರೆನ್ಸ್, ಫಾರಂ 21 ಅನ್ನುವ ಮಾರಾಟದ ಸರ್ಟಿಫಿಕೇಟಿನ ಪ್ರತಿ, ಎಲ್ಲ ಒಂದೇ ಫೈಲಿನಲ್ಲಿ ಕ್ಯಾಬಿನ್ನಿನಲ್ಲಿರುತ್ತದೆ. ದಾರಿಯಲ್ಲಿ ನಿಲ್ಲಿಸಿದವರು ಕೇಳುವುದು ಇಷ್ಟೇ: "ಹಿಂದ ಏನದ?" "ಏನಿಲ್ರಿ ಸಾಹೇಬ್ರ, ಖಾಲಿ ಅದ. ಬಾಡಿ ಕಟ್ಟೀವಿ, ಟೆಸ್ಟಿಗಿ ಹೊಂಟೀವಿ." ಫೈಲ್ ನೋಡಿ ಬಿಡುತ್ತಾರೆ.

ರಸ್ತೆಯಲ್ಲಿ ನಾನು ಹುಡುಕುವುದು ಮುಖ್ಯವಾಗಿ ಯು-ಬೋಲ್ಟನ್ನು. ಚಾಸಿಯ ಉಕ್ಕಿನ ಮೇಲೆ ಗಟ್ಟಿ ಮರದ ಪಟ್ಟಿ ಕೂರಿಸಿ, ಅದರ ಮೇಲೆ ಬಾಡಿ ಇಟ್ಟು, ಯು-ಬೋಲ್ಟ್ ಹಾಕಿ ಬಿಗಿದಿರುತ್ತೇವೆ. ಗಾಡಿ ಓಡಿದಾಗ ಮರ ಸ್ವಲ್ಪ ಒತ್ತಿಕೊಳ್ಳುತ್ತದೆ. ಮರ ಒತ್ತಿದಷ್ಟು ಬೋಲ್ಟ್ ಸಡಿಲ. ಹೊರಡುವ ಮುಂಚೆ ಪ್ರತಿ ನಟ್ಟಿನ ಮೇಲಿಂದ ಕೆಳಗಿನ ಪಟ್ಟಿಯವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತೇನೆ. ಕಮಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಡಿ ಕೆಳಗೆ ತೂರಿ ಬ್ಯಾಟರಿ ಹಿಡಿದು ನೋಡುವುದು. ಗೆರೆ ನೇರ ಇದ್ದರೆ ನಟ್ಟು ತಿರುಗಿಲ್ಲ. ಮೇಲಿನ ತುಂಡು, ಕೆಳಗಿನ ತುಂಡು ಬೇರೆಯಾಗಿದ್ದರೆ ಆ ನಟ್ಟು ಬಿಚ್ಚಿಕೊಳ್ಳುತ್ತಿದೆ. ನಟ್ಟು ತಿರುಗದಿದ್ದರೂ ಬೋಲ್ಟಿಗೆ ಸ್ಪ್ಯಾನರಿನಿಂದ ಟಕ್ ಅಂತ ಬಡಿಯುತ್ತೇನೆ. ಬಿಗಿಯಾಗಿದ್ದರೆ ಗಂಟೆಯಂಥ ಸದ್ದು, ಸಡಿಲಾಗಿದ್ದರೆ ಮಂಕಾದ ಸದ್ದು. ಮುಂದಿನ ಎರಡು ಬೋಲ್ಟ್ ಸಾಮಾನ್ಯವಾಗಿ ಮೊದಲು ಸಡಿಲಾಗುತ್ತವೆ, ಚಾಸಿ ಹೆಚ್ಚು ತಿರುಚುವುದು ಕ್ಯಾಬಿನ್ನಿನ ಹಿಂದೆಯೇ.

ಇನ್ನುಳಿದದ್ದು ಬೇಗ ಆಗುತ್ತದೆ. ಕುಣಿ ಬಿದ್ದ ಕಡೆ ಹಿಂದಿನ ಬಾಗಿಲ ಪಿನ್ನು ಗಲಗಲ ಅನ್ನುತ್ತದಾ, ಲೈಟಿನ ವೈರ್ ಎಲ್ಲಾದರೂ ಉಜ್ಜುತ್ತದಾ, ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುತ್ತದಾ. ಬರುವಾಗ ಕಾಟಾದ ಮೇಲೆ ಹತ್ತಿಸಿ ಖಾಲಿ ತೂಕದ ಚೀಟಿ ತಗೊಂಡು ಬರುತ್ತೇವೆ. ಅಗಲ 2.6 ಮೀಟರ್ ದಾಟಬಾರದು, ಹಿಂದೆ ಚಾಚಿದ ಭಾಗ ವೀಲ್‌ಬೇಸಿನ, ಅಂದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ಅಂತರದ, ಶೇ 60 ಮೀರಬಾರದು. ಇವನ್ನು ಶೆಡ್ಡಿನಲ್ಲೇ ಟೇಪ್ ಹಿಡಿದು ನೋಡಿರುತ್ತೇವೆ. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ, ಹಿಂದಿನ ಮತ್ತು ಬದಿಯ ಗಾರ್ಡು, ಇವಿಲ್ಲದೆ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ಹೋಗಿ ನಿಲ್ಲುವುದೇ ವ್ಯರ್ಥ.

ಇಂಜಿನಿಯರಿಂಗ್ ಓದುವ ಹುಡುಗರೂ ಬರುತ್ತಾರೆ. ಹಳೇ ಇಂಜಿನ್ ಸಿಕ್ಕಿದೆ ಕಾಕಾ, ಸ್ವಂತ ಜೀಪ್ ಕಟ್ಟುತ್ತೇವೆ, ಟೆಂಪರರಿ ಮಾಡಿಸಿಕೊಡಿ ಅಂತ. ಅವರ ಉತ್ಸಾಹ ನನಗೆ ಇಷ್ಟ, ಆದರೆ ಇದಕ್ಕೆ ಟೆಂಪರರಿ ಸಿಗುವುದಿಲ್ಲ. ನಮ್ಮ ಚಾಸಿ ಮೊದಲೇ ಪರೀಕ್ಷೆ ಪಾಸಾಗಿ ಬಂದಿರುತ್ತದೆ, ಅದಕ್ಕೇ ದಾರಿ ಸುಲಭ. ಬುಡದಿಂದ ಕಟ್ಟಿದ ಗಾಡಿಯ ಮಾದರಿಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಹಳೇ ಜೀಪನ್ನೇ ಬದಲಾಯಿಸುತ್ತೇವೆ ಅಂದರೆ ಗಾಡಿಯ ಮಾರ್ಪಾಡು ತಡೆಯುವ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಸ್ಪರ್ಧೆಗೆ ಅಂತ ಕಟ್ಟುವ ಬಗ್ಗಿಯಾದರೆ ಕಾಲೇಜಿನ ಕಾಂಪೌಂಡಿನೊಳಗೆ, ಪ್ರಿನ್ಸಿಪಾಲರ ಅನುಮತಿ ತಗೊಂಡು, ಗೇಟ್ ಹಾಕಿಸಿ, ಹೆಲ್ಮೆಟ್ ಹಾಕಿಕೊಂಡು ಓಡಿಸಿ ಅನ್ನುತ್ತೇನೆ. ಜೇವರ್ಗಿ ರಸ್ತೆಗೆ ತರಬೇಡಿ. ವೆಲ್ಡಿಂಗ್ ನೋಡಿಕೊಡು ಅಂದರೆ ಬಿಡುವು ಮಾಡಿಕೊಂಡು ಹೋಗುತ್ತೇನೆ.

ಪಾಸಿಂಗ್ ಆಗಿ ಗಾಡಿ ಕೊಡುವಾಗ ಮಾಲೀಕರಿಗೆ ಒಂದೇ ಮಾತು ಹೇಳುತ್ತೇನೆ. ಮೊದಲ ಲೋಡ್ ಇಳಿಸಿದ ಮೇಲೆ ಮನೆಗೆ ಹೋಗುವ ಮುಂಚೆ ಶೆಡ್ಡಿಗೆ ಬನ್ನಿ, ಯು-ಬೋಲ್ಟ್ ಇನ್ನೊಮ್ಮೆ ಬಿಗಿದುಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.