ಮೂವತ್ನಾಲ್ಕರ ಮೊಡವೆ

ಹದಿಹರೆಯದಲ್ಲಿ ನನ್ನ ಮುಖಕ್ಕೆ ಒಂದು ಮೊಡವೆಯೂ ಬಂದಿರಲಿಲ್ಲ. ಬಂದದ್ದು ಮೂವತ್ನಾಲ್ಕಕ್ಕೆ, ಅದೂ ದವಡೆಯ ಅಂಚಿನಲ್ಲಿ: ಮುಟ್ಟಿದರೆ ನೋಯುವ, ಬಾಯಿ ಬಿಡದ ಗಂಟುಗಳು. "ಈ ವಯಸ್ಸಿನಲ್ಲಿ ಮೊಡವೆಯೇನಮ್ಮಾ? ಹೊಟ್ಟೆ ಕೆಟ್ಟಿರಬೇಕು" ಎಂದರು ಅತ್ತೆ. ಕಡಲೆಹಿಟ್ಟಾಯಿತು, ನಿಂಬೆರಸವಾಯಿತು. ನಿಂಬೆಯಿಂದ ಉರಿಯಷ್ಟೇ ಲಾಭ.

ದೊಡ್ಡ ತಪ್ಪು ಮಾಡಿದ್ದು ಆಮೇಲೆ. ವಿಜಯನಗರದ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ನಾಲ್ಕೇ ದಿನಕ್ಕೆ ಮುಖ ತಿಳಿಯಾಯಿತು. ಹಚ್ಚುವುದು ಬಿಟ್ಟ ವಾರದಲ್ಲಿ ಕೆಂಪೇರಿ, ಮೊದಲಿಗಿಂತ ಹೆಚ್ಚು ಎದ್ದವು. ಹೆದರಿ ಮತ್ತೆ ಹಚ್ಚಿದೆ. ಮೂರು ತಿಂಗಳು ಇದೇ ಆಟ. ಕೊನೆಗೆ ಚರ್ಮವೈದ್ಯೆ ಟ್ಯೂಬು ತಿರುಗಿಸಿ ಸಣ್ಣಕ್ಷರದಲ್ಲಿದ್ದ ಹೆಸರು ತೋರಿಸಿದರು: ಮೊಮೆಟಾಸೋನ್. ಸ್ಟೀರಾಯ್ಡ್! 2018ರಲ್ಲೇ ಅದನ್ನು ವೈದ್ಯರ ಚೀಟಿ ಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿದ್ದಾರೆ. ನನಗೆ ಚೀಟಿ ಯಾರೂ ಕೇಳಿರಲಿಲ್ಲ.

ಮುಟ್ಟು ಸರಿಯಾಗಿ ಆಗುತ್ತದೆಯೇ, ಗಲ್ಲದಲ್ಲಿ ಕೂದಲು ಹೆಚ್ಚಿದೆಯೇ ಎಂದು ಅವರು ವಿಚಾರಿಸಿದರು. ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ, ನನಗಿರಲಿಲ್ಲ. ಆದರೆ ಮುಟ್ಟಿನ ಹಿಂದಿನ ವಾರವೇ ಗಂಟುಗಳು ಏಳುತ್ತಿದ್ದವು. ಹಾರ್ಮೋನಿನ ಏರಿಳಿತಕ್ಕೆ ಎಣ್ಣೆಗ್ರಂಥಿಗಳು ಕೆರಳಿ, ರಂಧ್ರಗಳು ಕಟ್ಟಿಕೊಂಡು ಹೀಗಾಗುತ್ತದೆಯಂತೆ.

ವೈದ್ಯೆ ಮೊಡವೆಗೆ ಹಚ್ಚುವ ಎರಡು ಮದ್ದು ಬರೆದುಕೊಟ್ಟರು: ಬೆಳಿಗ್ಗೆ ಬೆಂಜಾಯ್ಲ್ ಪೆರಾಕ್ಸೈಡ್ 2.5%, ರಾತ್ರಿ ಅಡಾಪಲೀನ್ 0.1%. ನಾನು ಮೊಡವೆ ಕಂಡಲ್ಲಿ ಮಾತ್ರ ಬೊಟ್ಟಿನಂತೆ ಇಡುತ್ತಿದ್ದೆ, ಅದು ತಪ್ಪು. ಬಟಾಣಿ ಕಾಳಿನಷ್ಟು ತೆಗೆದು ಮುಖಕ್ಕೆಲ್ಲ ತೆಳುವಾಗಿ ಹಚ್ಚಬೇಕು, ಇನ್ನೂ ಏಳದ ಮೊಡವೆಗೂ ಅದೇ ಮದ್ದು. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಮೊದಲ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಆದರೂ ಮೂಗಿನ ಪಕ್ಕ ಸಿಪ್ಪೆ ಎದ್ದಿತು; ಮೊದಲು ಮಾಯಿಶ್ಚರೈಸರ್ ಹಚ್ಚಿಕೊಂಡಾಗ ತಡೆಯುವಂತಾಯಿತು. ಮೂರನೆಯ ವಾರ ಮೊಡವೆ ಇನ್ನೂ ಹೆಚ್ಚಿದವು. ವೈದ್ಯೆ ಮುಂಚೆಯೇ ಹೇಳದಿದ್ದರೆ ಅಂದೇ ಟ್ಯೂಬ್ ಎಸೆಯುತ್ತಿದ್ದೆ. ಗುಣ ಕಾಣಲು ಅವರು ಕೊಟ್ಟ ಗಡುವು 12 ವಾರ. ಗರ್ಭಿಣಿಯಾಗುವ ಯೋಚನೆಯಿದ್ದರೆ ಅಡಾಪಲೀನ್ ನಿಲ್ಲಿಸಿ ಎಂದೂ ಎಚ್ಚರಿಸಿದ್ದರು.

ಹತ್ತನೆಯ ವಾರ ದವಡೆ ಮುಟ್ಟಿಕೊಂಡರೆ ನೋವಿರಲಿಲ್ಲ. ಕಪ್ಪು ಕಲೆಗಳು ಮಾತ್ರ ಇನ್ನೂ ಎಂಟು ತಿಂಗಳು ಉಳಿದವು. ಸನ್‌ಸ್ಕ್ರೀನ್ ಮರೆತ ದಿನಗಳ ಫಲ ಅವುಗಳಲ್ಲಿತ್ತು. ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆಂದು ತಿಳಿದದ್ದು ಯಜಮಾನರ ನೀಲಿ ಟವೆಲ್ಲು ಮಚ್ಚೆ ಮಚ್ಚೆಯಾದ ಮೇಲೆ.

ಈಗಲೂ ತಿಂಗಳಿಗೊಂದು ಮೊಡವೆ ಇಣುಕುತ್ತದೆ. ಅತ್ತೆ ಹೊಟ್ಟೆಯದೇ ದೋಷ ಎನ್ನುತ್ತಾರೆ.