ನಳ ಬಂದ ದಿನದಿಂದಲೇ ಶುರುವಾಗುವ ಮನೆಮದ್ದು

ಧಾರವಾಡದ ಕಡೆ ಆಷಾಢ ಅಂದರೆ ಗಾಳಿ ಮತ್ತು ಜಿಟಿಜಿಟಿ ಮಳೆ. ಒಗೆದ ಬಟ್ಟೆ ಒಣಗುವುದಿಲ್ಲ. ಒಬ್ಬರ ನೆಗಡಿ ಮನೆಮಂದಿಗೆಲ್ಲ ಹತ್ತುತ್ತದೆ. ಮಕ್ಕಳ ಹೊಟ್ಟೆ ಕೆಡುತ್ತದೆ. ಈ ದಿನಗಳಲ್ಲಿ ಹುಬ್ಬಳ್ಳಿ, ಗದಗ, ಹಾವೇರಿಯ ಎಷ್ಟೋ ಮನೆಗಳ ಒಲೆ ಮೇಲೆ ಶುಂಠಿ, ಮೆಣಸಿನ ಕಷಾಯ ಕುದಿಯುತ್ತಿರುತ್ತದೆ. ಕಷಾಯದ ಮೇಲೆ ನನಗೆ ನಂಬಿಕೆ ಇದೆ. ಆದರೆ ಯಾವ ಕೆಲಸಕ್ಕೆ ಅದನ್ನು ನಂಬಬೇಕು ಅನ್ನುವುದು ತಿಳಿದಿರಬೇಕು. ರೋಗಾಣು ಒಳಗೆ ಬರದಂತೆ ತಡೆಯುವುದು, ಬಂದಾಗ ನೋವು ಕಡಿಮೆ ಮಾಡಿ ಮೈ ಸುಧಾರಿಸಿಕೊಳ್ಳುವ ತನಕ ಆರಾಮ ಕೊಡುವುದು, ಈ ಎರಡನ್ನೂ ಮನೆಯಲ್ಲಿ ಚೆನ್ನಾಗಿ ಮಾಡಬಹುದು. ಅದರಾಚೆಗಿನದು ದವಾಖಾನೆಯ ಕೆಲಸ.

ಮೊದಲು ನೀರು

ಮನೆಮದ್ದು ಅಂದ ಕೂಡಲೇ ನಮಗೆ ತುಳಸಿ ನೆನಪಾಗುತ್ತದೆ. ನಾನು ನೀರಿನ ಹಂಡೆಯಿಂದ ಶುರು ಮಾಡುತ್ತೇನೆ. ಅವಳಿನಗರಕ್ಕೆ ಮಲಪ್ರಭೆಯ ನೀರು ಬರುತ್ತದೆ, ಗದಗ-ಬೆಟಗೇರಿಗೆ ತುಂಗಭದ್ರೆಯದು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದ ದಿನದ 24 ತಾಸೂ ನೀರು ಕೊಡುವ ವ್ಯವಸ್ಥೆ ಬಂತು. ಉಳಿದ ಎಷ್ಟೋ ಓಣಿಗಳಲ್ಲಿ ಒಮ್ಮೆ ನಳ ಬಂದರೆ ಮತ್ತೆ ದಿನಗಟ್ಟಲೆ ಕಾಯಬೇಕಾದ ಪರಿಸ್ಥಿತಿ. ಹಾಗಾಗಿ ನಳ ಬಂದಾಗ ಹಂಡೆ, ಕೊಡ, ಬ್ಯಾರಲ್, ಬಕೆಟ್ ಎಲ್ಲ ತುಂಬಿಸಿಡುತ್ತೇವೆ. ತೊಂದರೆ ಹುಟ್ಟುವುದು ಹೀಗೆ ಕೂಡಿಟ್ಟ ನೀರಿನಲ್ಲೇ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ಮನೆಯ ಸ್ವಚ್ಛ ನೀರೇ ಇಷ್ಟ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಸುಮಾರು ಎಂಟರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮುಂದಿನ ನಳದ ಹೊತ್ತಿಗೆ ಉಳಿದ ನೀರನ್ನು ಬಟ್ಟೆ ಒಗೆಯಲು, ಅಂಗಳ ತೊಳೆಯಲು ಬಳಸಿ ಬ್ಯಾರಲ್ ಪೂರ್ತಿ ಖಾಲಿ ಮಾಡಿ. ಸುಮ್ನೆ ಬೋರಲು ಹಾಕಿದರೆ ಆಗುವುದಿಲ್ಲ. ನೀರು ನಿಂತ ಗೆರೆ ಕಾಣುತ್ತದಲ್ಲ, ಅದರ ಸ್ವಲ್ಪ ಮೇಲೆ ಕರಿ ಚುಕ್ಕೆಯಂತೆ ಮೊಟ್ಟೆ ಅಂಟಿಕೊಂಡಿರುತ್ತವೆ. ನೀರಿಲ್ಲದೆಯೂ ಅವು ತಿಂಗಳುಗಟ್ಟಲೆ ಬದುಕುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಅದಕ್ಕೇ ಗಟ್ಟಿ ಬ್ರಷ್‌ನಿಂದ ಒಳಗೋಡೆ ತಿಕ್ಕಿ, ತೊಳೆದು, ಒಣಗಿಸಿ, ಆಮೇಲೆ ತುಂಬಿಸಿ. ಮುಚ್ಚಳ ಇಲ್ಲದ ಬ್ಯಾರಲ್‌ಗೆ ಹಳೆ ಧೋತರ ಬಿಗಿಯಾಗಿ ಕಟ್ಟಿ. ಕೂಲರ್, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮಾಳಿಗೆ ಮೇಲಿನ ಹಳೆ ಟೈರು, ಇವನ್ನೂ ಅದೇ ದಿನ ನೋಡಿ.

ಕುಡಿಯುವ ನೀರಿಗೆ ಬೇರೆ ಕ್ರಮ. ಮಡಚಿದ ಬಿಳಿ ಬಟ್ಟೆಯಲ್ಲಿ ಸೋಸಿ, ಒಲೆಗಿಡಿ. ಗುಳ್ಳೆ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ಆರಿದ ಮೇಲೆ ತೊಳೆದ ಪಾತ್ರೆಗೆ ಹಾಕಿ ಮುಚ್ಚಿ. ಇಷ್ಟೆಲ್ಲ ಮಾಡಿ ಕೊನೆಗೆ ಕೈ ಅದ್ದಿ ತಂಬಿಗೆಯಲ್ಲಿ ನೀರು ತೆಗೆದರೆ ಮಾಡಿದ್ದೆಲ್ಲ ನೀರಪಾಲು. ಉದ್ದ ಹಿಡಿಕೆಯ ಸೌಟು ಇಡಿ, ಇಲ್ಲವೇ ನಳ ಇರುವ ಡಬ್ಬಿ ತನ್ನಿ. ಮುಂಡರಗಿ ಕಡೆಯ ಬೋರ್‌ವೆಲ್ ನೀರು ಕುಡಿಯುವವರಿಗೆ ಒಂದು ಮಾತು: ಕುದಿಸಿದರೆ ರೋಗಾಣು ಸಾಯುತ್ತವೆ, ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೋಗುವುದಿಲ್ಲ. ಅದಕ್ಕೆ ಶುದ್ಧ ನೀರಿನ ಘಟಕದ ನೀರೇ ಬೇಕು.

ಕೈ ತೊಳೆಯುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅವಸರ ಮಾಡುತ್ತೇವೆ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಉಗುರಿನ ಸಂದಿಯನ್ನೂ ಬಿಡಬೇಡಿ. ಸಂಡಾಸಿಗೆ ಹೋಗಿ ಬಂದ ಮೇಲೆ, ರೊಟ್ಟಿ ಹಿಟ್ಟು ನಾದುವ ಮುಂಚೆ, ಕೂಸಿಗೆ ಉಣಿಸುವ ಮುಂಚೆ ಇದು ತಪ್ಪಬಾರದು.

ಗಂಟಲು, ನೆಗಡಿ, ಕೆಮ್ಮು

ನೆಗಡಿಗೆ ಕಾರಣ ವೈರಸ್. ಆ್ಯಂಟಿಬಯೋಟಿಕ್ ಅದನ್ನು ಮುಟ್ಟುವುದೇ ಇಲ್ಲ. ಮೆಡಿಕಲ್ ಅಂಗಡಿಗೆ ಹೋಗಿ "ನಾಲ್ಕು ಗುಳಿಗಿ ಕೊಡ್ರಿ" ಅಂತ ಕೇಳಿ ತಂದು ನುಂಗುವುದನ್ನು ದಯವಿಟ್ಟು ಬಿಡಿ. ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಆ ದಿನಗಳನ್ನು ಸುಲಭ ಮಾಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ಗಂಟಲು ಕೆರೆತಕ್ಕೆ ಉಪ್ಪುನೀರು ಮೊದಲ ಮದ್ದು. ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ. ಬಾಯಿಗೆ ಹಾಕಿಕೊಂಡು ತಲೆ ಹಿಂದಕ್ಕೆ ಮಾಡಿ ಗಂಟಲಲ್ಲಿ ಗುಳುಗುಳು ಮಾಡಿ, ಉಗುಳಿ. ದಿನಕ್ಕೆ ಮೂರ್ನಾಲ್ಕು ಸಲ ಮಾಡಬಹುದು. ಉಗುಳಲು ಬಾರದ ಸಣ್ಣ ಮಕ್ಕಳಿಗೆ ಬೇಡ.

ಇನ್ನು ಕಷಾಯ. ಇಬ್ಬರಿಗೆ ಎರಡೂವರೆ ಗ್ಲಾಸ್ ನೀರು ಇಡಿ. ಹೆಬ್ಬೆರಳ ಗಾತ್ರದ ಹಸಿಶುಂಠಿ ಜಜ್ಜಿ ಹಾಕಿ. ನಾಲ್ಕೈದು ಕರಿಮೆಣಸು, ಅರ್ಧ ಚಮಚ ಜೀರಿಗೆ, ಒಂದು ಚಮಚ ಕೊತ್ತಂಬರಿ ಕಾಳು ಹುರಿದು ಕುಟ್ಟಿ ಸೇರಿಸಿ. ನೀರು ಎರಡು ಗ್ಲಾಸಿಗೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕುದಿಯಲಿ. ಒಲೆ ಆರಿಸುವಾಗ ಐದಾರು ತುಳಸಿ ಎಲೆ, ಹಿತ್ತಲಲ್ಲಿ ದೊಡ್ಡಪತ್ರೆ ಇದ್ದರೆ ಅದರ ಒಂದು ಎಲೆ, ಬೆಲ್ಲದ ಚೂರು ಹಾಕಿ ಮುಚ್ಚಿಡಿ. ಎಲೆಯನ್ನು ಮೊದಲೇ ಹಾಕಿ ಕುದಿಸಿದರೆ ಘಮವೆಲ್ಲ ಆವಿಯ ಜೊತೆ ಹೋಗುತ್ತದೆ. ಸೋಸಿ, ಬಿಸಿ ಇರುವಾಗಲೇ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿ ದ್ರವ ಕಫವನ್ನು ತೆಳು ಮಾಡುತ್ತದೆ, ಗಂಟಲಿಗೆ ಹಿತ ಅನಿಸುತ್ತದೆ. ಎದೆಯುರಿ, ಅಸಿಡಿಟಿ ಇದ್ದವರು ಮೆಣಸು ಬಿಟ್ಟು ಮಾಡಿಕೊಳ್ಳಿ. ಅರಿಶಿನ ಹಾಲಿಗೆ ಮಾತ್ರ ಚಿಟಿಕೆ ಕರಿಮೆಣಸಿನ ಪುಡಿ ಬೇಕು, ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತಲು ಮೆಣಸಿನ ಪೈಪರಿನ್ ನೆರವಾಗುತ್ತದೆ.

ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಒಳ್ಳೆಯದು. ಆದರೆ ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣು ದೊಡ್ಡವರಿಗೆ ಏನೂ ಮಾಡುವುದಿಲ್ಲ, ಕೂಸಿನ ಕರುಳಲ್ಲಿ ಬೆಳೆದು ಕೈಕಾಲಿನ ಶಕ್ತಿಯನ್ನೇ ಕಸಿಯುತ್ತದೆ. ಹುಟ್ಟಿದ ಕೂಸಿಗೆ ಮೊದಲು ಜೇನು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹಿರಿಯರಿಗೆ ಪ್ರೀತಿಯಿಂದ ತಿಳಿಸಿ ಹೇಳಿ.

ಹಬೆ ತೆಗೆದುಕೊಳ್ಳುವಾಗ ಪಾತ್ರೆ ಗಟ್ಟಿ ಮೇಜಿನ ಮೇಲಿರಲಿ, ಮಕ್ಕಳು ದೂರ ಇರಲಿ. ಹಬೆಗೆ ಕುಳಿತು ಬಿಸಿನೀರು ಚೆಲ್ಲಿಕೊಂಡು ಸುಟ್ಟುಕೊಂಡ ಮಕ್ಕಳು ದವಾಖಾನೆಗೆ ಬರುತ್ತಲೇ ಇರುತ್ತಾರೆ. ಕರ್ಪೂರವನ್ನು ಎಣ್ಣೆಗೆ ಹಾಕಿ ಎರಡು ವರ್ಷದೊಳಗಿನ ಮಕ್ಕಳ ಮೂಗು, ಎದೆಗೆ ಹಚ್ಚಬೇಡಿ. ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ಗದಗ ಜಿಲ್ಲೆಯವರಿಗೆ ಕಪ್ಪತಗುಡ್ಡದ ಔಷಧಿ ಗಿಡಗಳ ಮೇಲೆ ಅಭಿಮಾನ ಜಾಸ್ತಿ, ಇರಬೇಕಾದದ್ದೇ. ಆದರೆ ಹೆಸರು ಗೊತ್ತಿಲ್ಲದ ಬೇರನ್ನು ಯಾರೋ ಕೊಟ್ಟರೆಂದು ತೇದು ಕುಡಿಯಬೇಡಿ. ಅಮೃತಬಳ್ಳಿಯನ್ನೂ ದಿನಾ ತಿಂಗಳುಗಟ್ಟಲೆ ಕುಡಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಅಂಗಳದಲ್ಲಿ ಬೆಳೆಯುವ ಬಳ್ಳಿಯಾದರೂ ಅದು ಔಷಧಿಯೇ. ಎಷ್ಟು, ಎಷ್ಟು ದಿನ ಅಂತ ಆಯುರ್ವೇದ ವೈದ್ಯರನ್ನು ಕೇಳಿ.

ಹೊಟ್ಟೆ ಕೆಟ್ಟಾಗ

"ಭೇದಿ ಹತ್ತೈತಿ, ಕೂಸಿಗೆ ನೀರ ಕುಡಸಬ್ಯಾಡ್ರಿ, ಮತ್ತ ಜಾಸ್ತಿ ಆಗ್ತೈತಿ." ಈ ಮಾತು ಹಳ್ಳಿಯಲ್ಲೂ ಕೇಳಿದ್ದೇನೆ, ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲೂ ಕೇಳಿದ್ದೇನೆ. ಇದರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಭೇದಿಯಲ್ಲಿ ಮಕ್ಕಳ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಮೈಯ ನೀರು, ಉಪ್ಪು ಸೋರಿಹೋಗುವುದರಿಂದ. ಸೋರಿದ್ದನ್ನು ಮತ್ತೆ ತುಂಬಬೇಕು.

ಒಂದು ಲೀಟರ್ ಕುದಿಸಿ ಆರಿಸಿದ ನೀರು ತೆಗೆದುಕೊಳ್ಳಿ. ಚಹಾ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬಾರದು. ತುಂಬಿದ ಮೇಲೆ ಚಾಕುವಿನ ಬೆನ್ನಿನಿಂದ ಮೇಲೆ ಎಳೆದು ಸಮ ಮಾಡಿ. ಪೂರ್ತಿ ಕರಗುವ ತನಕ ಕಲಸಿ, ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಿ, ಉಪ್ಪು ಹೆಚ್ಚಾದರೆ ಕೂಸಿಗೆ ಕೆಡುಕು. ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ. ಮಾಡಿದ್ದನ್ನು 24 ತಾಸಿನೊಳಗೆ ಮುಗಿಸಿ, ಉಳಿದರೆ ಚೆಲ್ಲಿ.

ಕುಡಿಸುವ ರೀತಿಯೂ ಮುಖ್ಯ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಒಮ್ಮೆಲೇ ಗ್ಲಾಸ್ ಬಾಯಿಗಿಟ್ಟರೆ ವಾಂತಿ ಆಗುತ್ತದೆ. ಚಮಚದಲ್ಲಿ ಒಂದೊಂದು ಗುಟುಕು ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು. ದೊಡ್ಡವರಿಗೆ ತೆಳು ಮಜ್ಜಿಗೆ, ಗಂಜಿ, ಜೋಳದ ಅಂಬಲಿ ಎಲ್ಲ ನಡೆಯುತ್ತದೆ.

ನೀರಿಗೆ ಕಲಸಿ ಕುಡಿಸುವ ಒಆರ್‌ಎಸ್ ಪುಡಿಯ ಪ್ಯಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಮ್ ಕೂಡ ಇರುತ್ತದೆ. ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ, ಜೊತೆಗೆ ಕೊಡುವ ಝಿಂಕ್ ಗುಳಿಗೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಡಬ್ಬಿಯಲ್ಲಿ ಬರುವ ಸಿಹಿ ಹಣ್ಣಿನ ಪಾನೀಯಗಳನ್ನು ಒಆರ್‌ಎಸ್ ಅಂದುಕೊಂಡು ತರಬೇಡಿ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡಿತು. ಈ ಉಪ್ಪು-ಸಕ್ಕರೆ ನೀರಿನ ಬೆಲೆ ಜಗತ್ತಿಗೆ ಗೊತ್ತಾಗಿದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಾಬಿಸ್ ಡ್ರಮ್ಮುಗಳಲ್ಲಿ ಇದನ್ನು ಕಲಸಿಟ್ಟು, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವುಗಳು ತೀರಾ ಕಡಿಮೆಯಾದವು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಗಾಯ, ತುರಿಕೆ

ಹೊಲದಲ್ಲಿ ಕುಡುಗೋಲು ತಾಗಿದರೆ ಮಣ್ಣು, ಕಾಫಿಪುಡಿ, ಸುಣ್ಣ ಹಚ್ಚಬೇಡಿ. ಹರಿಯುವ ಸ್ವಚ್ಛ ನೀರು, ಸೋಪಿನಿಂದ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಟಿಟಿ ಇಂಜೆಕ್ಷನ್ ಬೇಕೇ ಅಂತ ಕೇಳಿ. ನಾಯಿ ಕಚ್ಚಿದ ಗಾಯಕ್ಕೆ ಖಾರದ ಪುಡಿ ತುಂಬುವವರು ಇನ್ನೂ ಇದ್ದಾರೆ. ಬ್ಯಾಡಗಿ ಮೆಣಸಿನಕಾಯಿ ಸಾರಿಗೆ ಇರಲಿ. ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು, ಅವತ್ತೇ ಸರ್ಕಾರಿ ದವಾಖಾನೆಯಲ್ಲಿ ಲಸಿಕೆ ಶುರು ಮಾಡಿಸಿ. ರೇಬೀಸ್ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ.

ಮಳೆಗಾಲದಲ್ಲಿ ತೊಡೆಸಂದಿ, ಸೊಂಟದ ಸುತ್ತ ಬರುವ ಗಜಕರ್ಣಕ್ಕೆ ಒಣಗಿದ ಮೈ, ಸಡಿಲವಾದ ಹತ್ತಿ ಬಟ್ಟೆ ಬೇಕು. ಬಿಸಿಲಿಲ್ಲದ ದಿನ ಒಳಉಡುಪಿಗೆ ಇಸ್ತ್ರಿ ಹಾಕಿ. ಟವೆಲ್ ಹಂಚಿಕೊಳ್ಳಬೇಡಿ. ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ನಿಲ್ಲಿಸಿ, ಆಮೇಲೆ ರೋಗವನ್ನು ಮೈತುಂಬ ಹಬ್ಬಿಸುತ್ತದೆ.

ದವಾಖಾನೆಗೆ ಯಾವಾಗ

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೆಂಗಿ ಕಾಲದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ತೆಗೆದುಕೊಂಡರೆ ರಕ್ತಸ್ರಾವದ ಭಯ. ಪಪ್ಪಾಯಿ ಎಲೆಯ ರಸ ಕುಡಿದೆವೆಂದು ರಕ್ತ ಪರೀಕ್ಷೆ ತಪ್ಪಿಸಬೇಡಿ. ಡೆಂಗಿಯಲ್ಲಿ ಜ್ವರ ಇಳಿಯಿತೆಂದು ನಿಟ್ಟುಸಿರು ಬಿಡುವ ದಿನವೇ ಎಚ್ಚರ ಜಾಸ್ತಿ ಬೇಕು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ, ಟಿಬಿ ಇದೆಯೇ ಅಂತ ತಿಳಿಯಲು, ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ದವಾಖಾನೆಗಳಲ್ಲಿ ಅದು ಉಚಿತ. ಉರಿಮೂತ್ರದ ಜೊತೆ ಚಳಿಜ್ವರ, ಬೆನ್ನುನೋವು ಬಂದರೆ ಬಾರ್ಲಿ ನೀರು ಕುಡಿಯುತ್ತಾ ಕಾಯಬೇಡಿ. ಭೇದಿಯಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಕೂಸು ಆರು ತಾಸು ಉಚ್ಚೆ ಮಾಡದಿದ್ದರೆ ಕೂಡಲೇ ಹೊರಡಿ. ದಾರಿಯಲ್ಲೂ ಒಆರ್‌ಎಸ್ ಕುಡಿಸುತ್ತಾ ಹೋಗಿ.

ಕೆಮ್ಮುವ ಕೂಸಿನ ಉಸಿರು ಎಣಿಸಲು ಪ್ರತಿ ತಾಯಿ ತಂದೆಯೂ ಕಲಿಯಬೇಕು. ಕೂಸು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷದವರಿಗೆ 40, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರಂತೂ ಕಷಾಯದ ಪಾತ್ರೆ ಇಳಿಸಿ, 108ಕ್ಕೆ ಫೋನ್ ಮಾಡಿ.