ಸಿಮೆಂಟಿನ ಹೊಗೆ ಇಳಿಸುವ ರೋಡ್‌ಮ್ಯಾಪ್: ಬರೆಯುವುದು ಹೇಗೆ?

ಮದುವೆ ಮನೆಯವರು ಲೆಕ್ಕ ಹಾಕುವುದು ಮುಹೂರ್ತದಿಂದ ಹಿಂದಕ್ಕೆ. ಇಂಗಾಲ ಇಳಿಸುವ ಅಂತರರಾಷ್ಟ್ರೀಯ ರೋಡ್‌ಮ್ಯಾಪ್‌ಗಳೂ ಹಾಗೇ. ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2009ರಲ್ಲಿ ಸಿಮೆಂಟ್ ಉದ್ಯಮಕ್ಕೆ ಇಂಥದ್ದೊಂದು ತಂದಿತು. 2013ರಲ್ಲಿ ಭಾರತಕ್ಕೇ ಬೇರೆ ಬಂತು. ಅದನ್ನೇ ಹಿಡಿದು ನೋಡೋಣ.

1. ಹೊಗೆಯ ಮೂಲ ಹುಡುಕಿ

ಗೂಡಿಗೆ ಹಾಕುವ ಕಲ್ಲಿದ್ದಲೇ ಕಾರಣ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಅರ್ಧಕ್ಕಿಂತ ಕಡಿಮೆ. ಸುಮಾರು 1,450 ಡಿಗ್ರಿ ಮುಟ್ಟುವ ಗೂಡಿನಲ್ಲಿ ಸುಣ್ಣದ ಕಲ್ಲು ಬೇಯುವಾಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಸೋಲಾರ್ ಹಾಕಿದರೂ ಈ ಪಾಲು ಕರಗುವುದಿಲ್ಲ.

2. ಕೊನೆಯ ವರ್ಷ ಬರೆಯಿರಿ

ಭಾರತದ ರೋಡ್‌ಮ್ಯಾಪ್‌ನ ಗುರಿ 2050. ಆ ಹೊತ್ತಿಗೆ ಪ್ರತಿ ಟನ್ ಸಿಮೆಂಟಿನ ಹೊಗೆ ಸುಮಾರು ಶೇ 45 ಇಳಿಯಬೇಕು. 'ಪ್ರತಿ ಟನ್' ಎಂಬ ಮಾತು ಗಮನಿಸಿ. ಸಿಮೆಂಟ್ ಮಾರಾಟ ಹೆಚ್ಚಿದರೆ ಒಟ್ಟು ಹೊಗೆ ಅಷ್ಟು ಇಳಿಯುವುದಿಲ್ಲ. ಜಾಣರು ಅಳತೆಯಲ್ಲೇ ಜಾಣತನ ತೋರಿಸುತ್ತಾರೆ.

3. ದಾರಿಗಳನ್ನು ತೂಗಿ

ಒಳ್ಳೆಯ ಗೂಡು, ಗೂಡಿನ ಬಿಸಿಗಾಳಿಯಿಂದ ಕರೆಂಟ್, ಕಲ್ಲಿದ್ದಲಿನ ಬದಲು ಕಸ: ಇವೆಲ್ಲ ಗೊತ್ತಿರುವ ದಾರಿಗಳು. ದೊಡ್ಡ ಲಾಭ ಇರುವುದು ಕ್ಲಿಂಕರ್ ಕಡಿಮೆ ಮಾಡುವುದರಲ್ಲಿ. ಬೆಂದ ಕಲ್ಲಿನ ಉಂಡೆಗೆ ಕ್ಲಿಂಕರ್ ಎನ್ನುತ್ತಾರೆ. ನೀವು ಅಂಗಡಿಯಲ್ಲಿ ತರುವ ಪಿಪಿಸಿ ಸಿಮೆಂಟ್ ಚೀಲದಲ್ಲಿ ಕ್ಲಿಂಕರ್ ಬದಲು ಶೇ 35ರವರೆಗೆ ಹಾರುಬೂದಿ ಬೆರೆಸಲು ಅವಕಾಶವಿದೆ. ಆದರೆ ಬೂದಿ ಬರುವುದು ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರಗಳಿಂದ. ಕಲ್ಲಿದ್ದಲು ಸುಡುವುದು ನಿಂತರೆ ಬೂದಿಯೂ ಇಲ್ಲ! ಒಂದು ಗುರಿ ಇನ್ನೊಂದರ ಕಾಲು ಎಳೆಯುವುದು ಹೀಗೆ. ಅದಕ್ಕೇ ಈಗ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಬೆರೆಸುವ ಎಲ್‌ಸಿ3 ಸಿಮೆಂಟಿನತ್ತ ಎಲ್ಲರ ಕಣ್ಣು. ಹೊಗೆಯನ್ನೇ ಹಿಡಿದು ನೆಲದಡಿ ತುಂಬುವ ದಾರಿಯೂ ಇದೆ. ಅದು ತುಂಬಾ ದುಬಾರಿ, ಪಟ್ಟಿಯ ಕೊನೆಗಿರಲಿ.

4. ಯಾರು, ಯಾವಾಗ?

ಪ್ರತಿ ದಾರಿಯ ಎದುರು ಒಂದು ಹೆಸರು, ಒಂದು ವರ್ಷ ಬೇಕು. ಇಲ್ಲದಿದ್ದರೆ ಅದು ಸುಮ್ನೆ ಆಸೆಪಟ್ಟಿ. ಎಲ್‌ಸಿ3 ಬಗ್ಗೆ ವರ್ಷಗಟ್ಟಲೆ ಪ್ರಯೋಗ ನಡೆದರೂ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡ ಬಂದದ್ದು 2023ರಲ್ಲಿ. ಮಾನದಂಡವಿಲ್ಲದ ಸಿಮೆಂಟನ್ನು ಯಾವ ಎಂಜಿನಿಯರ್ ಸೇತುವೆಗೆ ಬಳಸುತ್ತಾರೆ?

5. ಮತ್ತೆ ಬರೆಯಿರಿ

ಜಗತ್ತಿನ ರೋಡ್‌ಮ್ಯಾಪನ್ನು 2018ರಲ್ಲಿ ತಿದ್ದಿ, 2050ಕ್ಕೆ ಸಿಮೆಂಟಿನ ಹೊಗೆ ಶೇ 24 ಇಳಿಸುವ ದಾರಿ ಬರೆದರು. ಮೂರೇ ವರ್ಷಕ್ಕೆ ಅದೇ ಸಂಸ್ಥೆ ಇಡೀ ಇಂಧನ ವಲಯ 2050ಕ್ಕೆ ನೆಟ್ ಝೀರೋ (ಬಿಟ್ಟಷ್ಟು ಹೊಗೆಯನ್ನು ಹಿಂದಕ್ಕೆ ಹೀರಿ ಲೆಕ್ಕ ಸೊನ್ನೆ ಮಾಡುವುದು) ಆಗುವ ದಾರಿ ಬರೆಯಿತು. ಆಗ ಆ 24 ಸಾಲದಾಯಿತು.